ಕಣ್ಣಳತೆಯ ನಗರ, ಎತ್ತರವಿಲ್ಲದ ನಕ್ಷೆ

ನಗರದ ಒಂದು ಬಿಂದುವಿನಲ್ಲಿ ನಿಂತವರಿಗೆ ಸುತ್ತಲಿನ ಎಷ್ಟು ನೆಲ ಕಾಣುತ್ತದೆ, ಎಷ್ಟು ಮರೆಯಾಗುತ್ತದೆ ಎಂಬುದು ಮೇಲ್ನೋಟಕ್ಕೆ ಅನುಭವದ ಮಾತಾಗಿ ತೋರಿದರೂ ಮೂಲತಃ ಅದು ರೇಖಾಗಣಿತದ ಪ್ರಶ್ನೆ. ಕಣ್ಣಿನಿಂದ ಹೊರಟ ನೇರ ಗೆರೆಯೊಂದು, ಅಂದರೆ ದೃಷ್ಟಿರೇಖೆ, ಯಾವ ಕಟ್ಟಡಕ್ಕೂ ತಾಗದೆ ತಲುಪಬಲ್ಲ ಜಾಗಗಳನ್ನೆಲ್ಲ ಕೂಡಿಸಿದಾಗ ದೊರೆಯುವ ಆಕೃತಿಯೇ ಆ ಬಿಂದುವಿನ ಗೋಚರ ಪ್ರದೇಶ. ಕಟ್ಟಡಗಳ ಆಕಾರವನ್ನೂ ಸ್ಥಾನವನ್ನೂ ಕೋಷ್ಟಕಗಳಲ್ಲಿ ಇಟ್ಟುಕೊಂಡು, ಯಾವುದಕ್ಕೆ ಯಾವುದು ತಾಗುತ್ತದೆ, ಯಾವುದು ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಭೌಗೋಳಿಕ ಡೇಟಾಬೇಸ್‌ಗಳು ಬಂದ ಮೇಲೆ, ಈ ಆಕೃತಿಯನ್ನು ಒಂದು ಸಾಮಾನ್ಯ ಗಣಕಯಂತ್ರದಲ್ಲಿಯೇ ಕ್ಷಣಾರ್ಧದಲ್ಲಿ ಪಡೆಯಬಹುದಾಗಿದೆ. ಹಾಗೆ ಪಡೆದ ಆಕೃತಿ ನಿಜವೇ ಎಂಬುದು ಬೇರೆ ಪ್ರಶ್ನೆ. ಅದನ್ನು ಪರೀಕ್ಷಿಸಲು ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಸೀಮೆಗಿಂತ ಒಳ್ಳೆಯ ನೆಲ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಶಿವಾಜಿನಗರದ ಇಕ್ಕಟ್ಟಿನ ಓಣಿಗಳು, ಹಲಸೂರು ಕೆರೆಯ ಬಯಲು, ಇಂದಿರಾನಗರದ ಅಳತೆಗೆ ಹೊಂದಿದ ನಿವೇಶನಗಳು, ಕೆ.ಆರ್. ಪುರದ ಸೇತುವೆ ಮತ್ತು ಮೆಟ್ರೊ ಕಂಬಗಳ ಸಾಲು ಇವೆಲ್ಲ ಸುಮಾರು ಹತ್ತು ಕಿಲೋಮೀಟರ್‌ಗಳ ಅಂತರದಲ್ಲಿ ಒಂದರ ಹಿಂದೊಂದು ಬರುತ್ತವೆ.

ಇದೇ ನೆಲದಲ್ಲಿ ದೃಷ್ಟಿರೇಖೆಯ ಲೆಕ್ಕ ಹೊಸದೂ ಅಲ್ಲ. ಕೆಂಪೇಗೌಡರ ವಂಶದ ಹೆಸರಿನೊಂದಿಗೆ ಬೆಸೆದುಕೊಂಡಿರುವ ನಾಲ್ಕು ಗಡಿಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿಯ ಬಂಡೆಯ ಮೇಲೆ ನಿಂತಿದೆ. ಲಾಲ್‌ಬಾಗ್, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಗೋಪುರಗಳಂತೆ ಇದೂ ಸುತ್ತಲಿಗಿಂತ ಎತ್ತರದ ನೆಲವನ್ನೇ ಆರಿಸಿಕೊಂಡಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, ಅಂದರೆ 1800ರ ಕೊನೆಯ ತಿಂಗಳುಗಳಲ್ಲಿ, ಬ್ರಿಟಿಷ್ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಪೂರ್ವಕ್ಕೆ ಬಾಣಸವಾಡಿಯಿಂದ ದಕ್ಷಿಣದ ಅಗರದ ಕಡೆಗೆ ಸುಮಾರು ಏಳೂವರೆ ಮೈಲಿ ಉದ್ದದ ತಳರೇಖೆಯೊಂದನ್ನು ಸರಪಳಿಯಿಂದ ಅಳೆದ. ಆ ಗೆರೆ ಹಾದುಹೋದದ್ದು ಇಂದಿನ ಇಂದಿರಾನಗರ, ದೊಮ್ಮಲೂರುಗಳ ಆಸುಪಾಸಿನಲ್ಲಿ. ತಳರೇಖೆ ಎಂದರೆ ತ್ರಿಕೋನಗಳ ಸರಣಿಯಿಂದ ದೇಶವನ್ನು ಅಳೆಯುವಾಗ ನಿಜವಾಗಿ ನೆಲದ ಮೇಲೆ ಅಳೆಯಬೇಕಾದ ಮೊದಲ ಭುಜ. ಉಳಿದ ಭುಜಗಳೆಲ್ಲ ಕೋನಗಳಿಂದ ಲೆಕ್ಕಕ್ಕೆ ಬರುತ್ತವೆ, ಮತ್ತು ಕೋನ ಅಳೆಯಬೇಕಾದರೆ ಒಂದು ಬಿಂದುವಿನಿಂದ ಇನ್ನೊಂದು ಕಾಣಲೇಬೇಕು. ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ 1802ರಲ್ಲಿ ಅಳೆದ ತಳರೇಖೆಯಿಂದ ತ್ರಿಕೋನಗಳ ಮೂಲಕ ಲೆಕ್ಕಹಾಕಿದ ಉದ್ದಕ್ಕೂ, 1804ರಲ್ಲಿ ಬೆಂಗಳೂರಿನ ಬಳಿ ಹೊಸದಾಗಿ ನೇರವಾಗಿ ಅಳೆದ ಉದ್ದಕ್ಕೂ ನಡುವೆ ಕಂಡ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆಯಿತ್ತು. ಲ್ಯಾಂಬ್ಟನ್ನನಿಗೆ ಅಡ್ಡಿಯಾಗಿದ್ದುದು ಮರ, ದಿಬ್ಬ ಮತ್ತು ಭೂಮಿಯ ಬಾಗು. ಹನ್ನೆರಡು ಕಿಲೋಮೀಟರ್ ದೂರಕ್ಕೆ ಭೂಮಿಯ ಬಾಗು ಸುಮಾರು 11 ಮೀಟರ್‌ಗಳಷ್ಟು ನೆಲವನ್ನು ಕೆಳಗಿಳಿಸುತ್ತದೆ. ಇಂದು ಅದೇ ಗೆರೆಯ ಮೇಲೆ ನಿಂತವರಿಗೆ ಭೂಮಿಯ ಬಾಗು ಅಡ್ಡಬರುವ ಪ್ರಶ್ನೆಯೇ ಇಲ್ಲ, ಎದುರು ಮನೆಯೇ ದೃಷ್ಟಿಯನ್ನು ಮುಗಿಸುತ್ತದೆ.

ಕಟ್ಟಡಗಳ ನಡುವಿನ ಗೋಚರ ಪ್ರದೇಶವನ್ನು ವಾಸ್ತುಶಿಲ್ಪದ ಅಧ್ಯಯನದಲ್ಲಿ ‘ಐಸೊವಿಸ್ಟ್’ ಎಂದು ಕರೆಯುವ ರೂಢಿ 1960ರ ದಶಕದಿಂದ ಇದೆ. ಅದರ ವಿಸ್ತೀರ್ಣ, ಸುತ್ತಳತೆ, ಅಂಚಿನ ಮೊನಚು ಇವನ್ನೆಲ್ಲ ಅಂಕಿಗಳಾಗಿ ಅಳೆದು ಸ್ಥಳಗಳನ್ನು ಹೋಲಿಸಬಹುದೆಂದು 1979ರಲ್ಲಿ ಮೈಕೆಲ್ ಬೆನೆಡಿಕ್ಟ್ ವ್ಯವಸ್ಥಿತವಾಗಿ ತೋರಿಸಿದ. ಡೇಟಾಬೇಸ್‌ನ ಕಡೆಯಿಂದ ಈ ಕೆಲಸಕ್ಕೆ ಇಂದು ಹೆಚ್ಚಾಗಿ ಬಳಕೆಯಾಗುವುದು ಪೋಸ್ಟ್‌ಜಿಐಎಸ್. ಕೆನಡಾದ ರಿಫ್ರ್ಯಾಕ್ಷನ್ಸ್ ರಿಸರ್ಚ್ ಸಂಸ್ಥೆ 2001ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶ, ಪೋಸ್ಟ್‌ಗ್ರೆಸ್ ಎಂಬ ಸಾಮಾನ್ಯ ಡೇಟಾಬೇಸ್‌ಗೆ ಬಿಂದು, ರೇಖೆ, ಬಹುಭುಜಾಕೃತಿಗಳನ್ನು ಅರ್ಥಮಾಡಿಕೊಳ್ಳುವ ಶಕ್ತಿ ಕೊಡುತ್ತದೆ. ಹೆಸರು, ವಯಸ್ಸು, ವಿಳಾಸಗಳ ಅಂಕಣಗಳಿರುವ ಕೋಷ್ಟಕದಲ್ಲಿ ಆಕೃತಿಗೂ ಒಂದು ಅಂಕಣ ಸೇರಿದರೆ ಹೇಗೋ ಹಾಗೆ, ಪ್ರತಿ ಕಟ್ಟಡವೂ ಒಂದು ಸಾಲಾಗಿ, ಅದರ ತಳದ ರೂಪರೇಖೆ ಒಂದು ಮೌಲ್ಯವಾಗಿ ಕುಳಿತುಕೊಳ್ಳುತ್ತದೆ.

ಲೆಕ್ಕ ಆರಂಭವಾಗುವ ಮುನ್ನವೇ ತೀರ್ಮಾನಿಸಬೇಕಾದ ಒಂದು ವಿಷಯವಿದೆ. ಅಕ್ಷಾಂಶ ರೇಖಾಂಶಗಳ ಡಿಗ್ರಿಗಳಲ್ಲಿಯೇ ದೂರವನ್ನು ಅಳೆಯಲು ಹೊರಟರೆ ಉತ್ತರ ಓರೆಯಾಗುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮದ ಒಂದು ಡಿಗ್ರಿ ಸುಮಾರು 108.5 ಕಿಲೋಮೀಟರ್, ಉತ್ತರ ದಕ್ಷಿಣದ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್, ಹೀಗಾಗಿ ಡಿಗ್ರಿಗಳಲ್ಲಿ ಎಳೆದ ವೃತ್ತ ನೆಲದ ಮೇಲೆ ಶೇ 2ರಷ್ಟು ಚಪ್ಪಟೆಯಾದ ಅಂಡಾಕಾರವಾಗುತ್ತದೆ. ಅದಕ್ಕಾಗಿ ಕಟ್ಟಡಗಳನ್ನೆಲ್ಲ ಮೊದಲು ಮೀಟರ್‌ಗಳಲ್ಲಿ ಅಳೆಯುವ ಸಮತಲ ನಿರ್ದೇಶಾಂಕ ಪದ್ಧತಿಗೆ ತಿರುಗಿಸಿಕೊಳ್ಳಬೇಕು; ಬೆಂಗಳೂರು ಬೀಳುವುದು ಯುಟಿಎಂ 43ನೇ ಉತ್ತರ ವಲಯದಲ್ಲಿ, ಡೇಟಾಬೇಸ್‌ಗಳಲ್ಲಿ ಅದರ ಗುರುತಿನ ಸಂಖ್ಯೆ 32643. ಅನುಭವವಿಲ್ಲದವರ ಮೊದಲ ತಪ್ಪು ಬಹುಪಾಲು ಇಲ್ಲಿಯೇ ಆಗುತ್ತದೆ.

ಅನಂತರದ ಸರಳ ವಿಧಾನವೆಂದರೆ ಕಿರಣಗಳ ವಿಧಾನ. ನೋಡುವವರ ಬಿಂದುವಿನ ಸುತ್ತ 500 ಮೀಟರ್ ತ್ರಿಜ್ಯದ ವೃತ್ತವನ್ನು ಕಲ್ಪಿಸಿಕೊಂಡು, ಒಂದೊಂದು ಡಿಗ್ರಿಗೆ ಒಂದರಂತೆ 360 ಗೆರೆಗಳನ್ನು ಎಳೆದು, ಪ್ರತಿ ಗೆರೆ ಕಟ್ಟಡಗಳನ್ನು ಛೇದಿಸುವ ಬಿಂದುಗಳಲ್ಲಿ ಅತ್ಯಂತ ಹತ್ತಿರದ್ದನ್ನು ಮಾತ್ರ ಉಳಿಸಿಕೊಂಡು, ಆ ಬಿಂದುಗಳನ್ನು ಕೋನದ ಕ್ರಮದಲ್ಲಿ ಜೋಡಿಸಿ ಮುಚ್ಚಿದರೆ ಗೋಚರ ಪ್ರದೇಶದ ಬಹುಭುಜಾಕೃತಿ ಸಿದ್ಧ. ಪೋಸ್ಟ್‌ಜಿಐಎಸ್‌ನಲ್ಲಿ ದಿಕ್ಕು ಮತ್ತು ದೂರ ಕೊಟ್ಟರೆ ಬಿಂದುವನ್ನು ಕೊಡುವ ಎಸ್‌ಟಿ ಪ್ರಾಜೆಕ್ಟ್, ಎರಡು ಬಿಂದುಗಳನ್ನು ಗೆರೆಯಾಗಿಸುವ ಎಸ್‌ಟಿ ಮೇಕ್‌ಲೈನ್, ಛೇದನವನ್ನು ಕಂಡುಹಿಡಿಯುವ ಎಸ್‌ಟಿ ಇಂಟರ್‌ಸೆಕ್ಷನ್ ಎಂಬ ಫಂಕ್ಷನ್‌ಗಳು ಈ ಹೆಜ್ಜೆಗಳನ್ನು ನೆರವೇರಿಸುತ್ತವೆ. ನಗರದ ಲಕ್ಷಾಂತರ ಕಟ್ಟಡಗಳೊಂದಿಗೆ ಪ್ರತಿ ಗೆರೆಯನ್ನೂ ಹೋಲಿಸುತ್ತ ಕೂರಬೇಕಾಗಿಲ್ಲ. ಪ್ರತಿ ಕಟ್ಟಡವನ್ನು ಸುತ್ತುವರಿದ ಆಯತಗಳನ್ನು ಗುಂಪು ಗುಂಪಾಗಿ, ಗುಂಪುಗಳನ್ನು ಮತ್ತೆ ದೊಡ್ಡ ಆಯತಗಳಾಗಿ ಜೋಡಿಸುವ ಸೂಚಿಯೊಂದು, ಸಂಬಂಧವಿಲ್ಲದ ಬಡಾವಣೆಗಳನ್ನೆಲ್ಲ ಮೊದಲ ನೋಟಕ್ಕೇ ಬದಿಗಿಡುತ್ತದೆ. ಆಂಟೊನಿನ್ ಗಟ್‌ಮನ್ 1984ರಲ್ಲಿ ವಿವರಿಸಿದ ಆರ್-ಟ್ರೀ ಎಂಬ ಈ ರಚನೆಯ ಅಥವಾ ಅಂಥದೇ ಬೇರೊಂದು ಸೂಚಿಯ ಬೆನ್ನೆಲುಬಿಲ್ಲದೆ ನಗರ ಮಟ್ಟದ ಯಾವ ಭೌಗೋಳಿಕ ಡೇಟಾಬೇಸೂ ಕೆಲಸ ಮಾಡಲಾರದು.

ಕಿರಣಗಳ ವಿಧಾನವನ್ನು ಶಿವಾಜಿನಗರಕ್ಕೆ ತಂದರೆ ಅದರ ದೌರ್ಬಲ್ಯ ತಕ್ಷಣ ಬಯಲಾಗುತ್ತದೆ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಮುಂದಿನ ಚೌಕದಲ್ಲಿ ನೋಡುವ ಬಿಂದುವನ್ನು ಇಟ್ಟರೆ, ಒಂದು ಡಿಗ್ರಿ ಅಂತರದ ಎರಡು ಗೆರೆಗಳ ನಡುವಿನ ಬಿಡುವು 50 ಮೀಟರ್ ದೂರದಲ್ಲಿ 87 ಸೆಂಟಿಮೀಟರ್ ಇರುವುದು 500 ಮೀಟರ್ ದೂರದಲ್ಲಿ 8.7 ಮೀಟರ್ ಆಗುತ್ತದೆ. ಮೂರು ಮೀಟರ್ ಅಗಲದ ಓಣಿಯೊಂದು ಆ ಬಿಡುವಿನಲ್ಲಿ ಬಿದ್ದುಹೋದರೆ ಗಣಕಯಂತ್ರದ ಪಾಲಿಗೆ ಅದು ಇಲ್ಲವೇ ಇಲ್ಲ. ಗೆರೆಗಳ ಸಂಖ್ಯೆಯನ್ನು ಹತ್ತು ಪಟ್ಟು ಹೆಚ್ಚಿಸುವುದು ಸೋಮಾರಿಯ ಪರಿಹಾರ. ಸರಿಯಾದ ಪರಿಹಾರವೆಂದರೆ ಸಮ ಅಂತರದ ಗೆರೆಗಳನ್ನು ಬಿಟ್ಟು, ಪ್ರತಿ ಕಟ್ಟಡದ ಮೂಲೆಗೇ ಒಂದು ಗೆರೆಯನ್ನೂ, ಆ ಮೂಲೆಯ ಎಡಬಲಕ್ಕೆ ಕೂದಲೆಳೆಯಷ್ಟು ಸರಿದ ಇನ್ನೆರಡು ಗೆರೆಗಳನ್ನೂ ಕಳಿಸುವುದು, ಏಕೆಂದರೆ ಗೋಚರ ಪ್ರದೇಶದ ಅಂಚು ದಿಢೀರನೆ ಹಿಂದಕ್ಕೆ ಸರಿಯುವುದು ಮೂಲೆಗಳಲ್ಲಿ ಮಾತ್ರ. ಇನ್ನೊಂದು ದಾರಿ ನೆರಳಿನದು: ನಡುಮನೆಯಲ್ಲಿಟ್ಟ ದೀಪಕ್ಕೆ ಪ್ರತಿ ಕಂಬವೂ ಹಿಂದೊಂದು ನೆರಳನ್ನು ಚಾಚುವಂತೆ, ಪ್ರತಿ ಗೋಡೆಯ ಹಿಂದೆಯೂ ಅದು ಮರೆಮಾಡುವ ಪಟ್ಟಿಯನ್ನು ಆಕೃತಿಯಾಗಿ ಕಟ್ಟಿ, ಎಲ್ಲ ನೆರಳುಗಳನ್ನೂ ಒಂದುಗೂಡಿಸಿ, ವೃತ್ತದಿಂದ ಕಳೆದರೆ ಉಳಿಯುವುದೇ ಉತ್ತರ.

2024ರಲ್ಲಿ ಬಂದ ಪೋಸ್ಟ್‌ಜಿಐಎಸ್‌ನ 3.5ನೇ ಆವೃತ್ತಿ ಈ ಶ್ರಮವನ್ನೂ ಕಡಿಮೆ ಮಾಡಿತು. ಸಿಜಿ ವಿಸಿಬಿಲಿಟಿ ಎಂಬ ಫಂಕ್ಷನ್‌ಗೆ ಬಯಲನ್ನು ಒಂದು ಬಹುಭುಜಾಕೃತಿಯಾಗಿಯೂ ಕಟ್ಟಡಗಳನ್ನು ಅದರೊಳಗಿನ ರಂಧ್ರಗಳಾಗಿಯೂ ಕೊಟ್ಟು, ನೋಡುವ ಬಿಂದುವನ್ನು ಸೂಚಿಸಿದರೆ ಅಂದಾಜಿಲ್ಲದ, ನಿಖರವಾದ ಗೋಚರ ಪ್ರದೇಶ ಹೊರಬರುತ್ತದೆ. ಶಿವಾಜಿನಗರದಂಥ ಪೇಟೆಯಲ್ಲಿ ಈ ಉತ್ತರ ಚಿಕ್ಕದಾಗಿ, ಓಣಿಗಳ ಉದ್ದಕ್ಕೆ ಬೆರಳು ಚಾಚಿದ ನಕ್ಷತ್ರದ ಆಕಾರದಲ್ಲಿ ಇರುತ್ತದೆ, ಮತ್ತು ಬಹುಮಟ್ಟಿಗೆ ನಿಜವೂ ಆಗಿರುತ್ತದೆ. ಅಲ್ಲಿ ನೆಲದ ಮೇಲೆ ನಿಂತವರಿಗೆ ಎದುರಿನ ಗೋಡೆ ಎರಡು ಮಹಡಿಯದೋ ಐದು ಮಹಡಿಯದೋ ಎಂಬುದರಿಂದ ಬೀದಿಯ ಮಟ್ಟದ ನೋಟ ಬದಲಾಗುವುದಿಲ್ಲ. ಆದರೆ ಅದೇ ಚೌಕದಿಂದ ತಲೆ ಎತ್ತಿದರೆ ಸೇಂಟ್ ಮೇರಿ ಬೆಸಿಲಿಕಾದ ಮೊನಚು ಗೋಪುರ ಕಾಣುವುದೋ ಇಲ್ಲವೋ ಎಂದು ಕೇಳಿದೊಡನೆ ಎರಡು ಆಯಾಮದ ಲೆಕ್ಕ ಕೈಚೆಲ್ಲುತ್ತದೆ.

ಹಲಸೂರು ಕೆರೆಯ ಪೂರ್ವದ ದಂಡೆ ಈ ಕಷ್ಟವನ್ನು ಅಂಕಿಗಳಲ್ಲಿ ತೋರಿಸಲು ಅನುಕೂಲವಾದ ಜಾಗ. ಮಹಾತ್ಮ ಗಾಂಧಿ ರಸ್ತೆಯ ಸಾರ್ವಜನಿಕ ಉಪಯೋಗ ಕಟ್ಟಡ, ಜನರ ಬಾಯಲ್ಲಿ ಯುಟಿಲಿಟಿ ಬಿಲ್ಡಿಂಗ್, 1973ರ ಹೊತ್ತಿಗೆ 25 ಅಂತಸ್ತುಗಳಲ್ಲಿ 106 ಮೀಟರ್ ಎತ್ತರಕ್ಕೆ ಏರಿ ದಶಕಗಳ ಕಾಲ ನಗರದ ಅತಿ ಎತ್ತರದ ಕಟ್ಟಡವಾಗಿತ್ತು. ಕೆರೆಯ ಆ ದಂಡೆಯಿಂದ ಅದು ಸುಮಾರು ಎರಡು ಕಿಲೋಮೀಟರ್ ದೂರ. ನೆಲ ಸಮತಟ್ಟೆಂದೂ ಕಣ್ಣಿನ ಎತ್ತರ 1.6 ಮೀಟರ್ ಎಂದೂ ಇಟ್ಟುಕೊಂಡರೆ, ಕಟ್ಟಡದ ತುದಿಗೆ ಏರುವ ದೃಷ್ಟಿರೇಖೆಯ ಓಟ (ದೂರಕ್ಕೆ ತಕ್ಕ ಏರಿಕೆಯ ಪ್ರಮಾಣ) 104.4 ಭಾಗಿಸು 2000, ಅಂದರೆ 0.052. ನೋಡುವವರಿಂದ 150 ಮೀಟರ್ ಮುಂದೆ 12 ಮೀಟರ್ ಎತ್ತರದ, ಮೂರು ಮಹಡಿಯ ಸಾಧಾರಣ ಮನೆಯೊಂದು ನಿಂತಿದೆ ಎನ್ನೋಣ. ಅದರ ತುದಿಗೆ ಏರುವ ಗೆರೆಯ ಓಟ 10.4 ಭಾಗಿಸು 150, ಅಂದರೆ 0.069. ಮನೆಯ ಓಟ ಹೆಚ್ಚಾದ್ದರಿಂದ 25 ಅಂತಸ್ತುಗಳ ಗೋಪುರ ಪೂರ್ತಿ ಮುಳುಗುತ್ತದೆ. ಅದೇ ಮನೆ 250 ಮೀಟರ್ ದೂರದಲ್ಲಿದ್ದರೆ ಅದರ ಓಟ 0.042ಕ್ಕೆ ಇಳಿದು, ಗೋಪುರದ 85 ಮೀಟರ್‌ಗಿಂತ ಮೇಲಿನ ಭಾಗ, ಅಂದರೆ ತುದಿಯ ಸುಮಾರು ಐದು ಅಂತಸ್ತು, ಮನೆಯ ತಾರಸಿಯ ಮೇಲೆ ತಲೆ ಹಾಕುತ್ತದೆ. ಸುಮಾರು 50 ಹೆಕ್ಟೇರ್ ನೀರು ಹರಡಿಕೊಂಡಿರುವ ಹಲಸೂರು ಕೆರೆ ಮಾಡುವ ಉಪಕಾರ ಇದೇ: ಅದು ಅಡ್ಡಗೋಡೆಗಳನ್ನು ದೂರಕ್ಕೆ ತಳ್ಳಿ, ಹಿಂದಿನದನ್ನು ಕಾಣಿಸುತ್ತದೆ. ಎರಡು ಕಿಲೋಮೀಟರ್ ದೂರಕ್ಕೆ ಭೂಮಿಯ ಬಾಗು ತಿನ್ನುವುದು ಸುಮಾರು 31 ಸೆಂಟಿಮೀಟರ್ ಮಾತ್ರ. ಲ್ಯಾಂಬ್ಟನ್ನನ ಚಿಂತೆಯನ್ನು ನಗರದ ಲೆಕ್ಕದಲ್ಲಿ ಬಿಟ್ಟುಬಿಡಬಹುದು.

ಈ ಲೆಕ್ಕವನ್ನು ಡೇಟಾಬೇಸ್‌ಗೆ ಒಪ್ಪಿಸುವುದು ಕಷ್ಟವಲ್ಲ. ಪ್ರತಿ ಗೆರೆಯ ಮೇಲೆ ಸಿಗುವ ಕಟ್ಟಡಗಳನ್ನು ದೂರದ ಕ್ರಮದಲ್ಲಿ ಸಾಲಾಗಿಸಿ, ಈವರೆಗೆ ಕಂಡ ಅತಿ ಹೆಚ್ಚಿನ ಓಟವನ್ನು ನೆನಪಿಟ್ಟುಕೊಂಡು, ಅದನ್ನು ಮೀರಿದ್ದನ್ನು ಮಾತ್ರ ಕಾಣುವುದೆಂದು ಗುರುತಿಸುತ್ತ ಹೋದರೆ ಸಾಕು. ಇಡೀ ಲೆಕ್ಕ ನಿಂತಿರುವುದು ಎತ್ತರ ಎಂಬ ಒಂದು ಅಂಕಣದ ಮೇಲೆ, ಮತ್ತು ಬೆಂಗಳೂರಿನ ಸಾರ್ವಜನಿಕ ನಕ್ಷೆಗಳಲ್ಲಿ ಬಹುತೇಕ ಖಾಲಿ ಇರುವುದು ಅದೇ ಅಂಕಣ. ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕಟ್ಟಡದ ತಳವನ್ನು ಎಳೆಯಬಲ್ಲರು, ಮಹಡಿ ಎಣಿಸಲು ಬೀದಿಗೇ ಇಳಿಯಬೇಕು. ಗೂಗಲ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ, 2016ರಿಂದ 2023ರವರೆಗಿನ ವರ್ಷವಾರು ಕಟ್ಟಡ ಎತ್ತರದ ದತ್ತಾಂಶ ಭಾರತವನ್ನೂ ಒಳಗೊಂಡಿದೆಯಾದರೂ ಅದು ಸೆಂಟಿನೆಲ್-2 ಉಪಗ್ರಹದ ಹತ್ತು ಮೀಟರ್ ಸ್ಪಷ್ಟತೆಯ ಚಿತ್ರಗಳಿಂದ ಕಟ್ಟಿದ ಅಂದಾಜು. ಗೋಡೆಗೆ ಗೋಡೆ ಅಂಟಿಸಿಕೊಂಡ ಶಿವಾಜಿನಗರದಲ್ಲಿ ಅಂಥ ಅಂದಾಜು ಎರಡು ಮನೆಗಳ ಎತ್ತರವನ್ನು ಒಂದರೊಳಗೊಂದು ಕಲಸಿಬಿಡುವ ಸಂಭವ ಹೆಚ್ಚು. ಇಸ್ರೊದ ಕಾರ್ಟೊಸ್ಯಾಟ್-1 ಚಿತ್ರಗಳಿಂದ ತಯಾರಾಗಿ ಭುವನ್ ತಾಣದಲ್ಲಿ ಸಿಗುವ ಮೂವತ್ತು ಮೀಟರ್ ಅಂತರದ ಎತ್ತರ ಮಾದರಿ ದಿಬ್ಬ ತಗ್ಗುಗಳಿಗೆ ಉಪಯುಕ್ತ, ಮನೆಗಳಿಗೆ ಅಲ್ಲ.

ಎತ್ತರವೊಂದಿದ್ದರೆ ಮುಗಿಯಿತೆಂದೂ ಹೇಳಲಾಗದು ಎಂಬುದನ್ನು ಇಂದಿರಾನಗರದ ಸಿಎಂಎಚ್ ರಸ್ತೆ ಕಲಿಸುತ್ತದೆ. ನಮ್ಮ ಮೆಟ್ರೊದ ಮೊದಲ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಓಡಿದ್ದು ಈ ರಸ್ತೆಯ ಮೇಲಿನ ಎತ್ತರದ ಹಳಿಯಲ್ಲಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಕೊಂಡಿ ಕೂಡಿಕೊಂಡಾಗ ಅದೇ ಹಳಿ ವೈಟ್‌ಫೀಲ್ಡ್‌ವರೆಗೂ ಅಖಂಡವಾಯಿತು. ಹಳಿಯ ಹಾಸನ್ನು ಕಟ್ಟಡದಂತೆ ನೆಲದಿಂದ ಮೇಲಿನವರೆಗೆ ಘನವೆಂದು ಬರೆದುಕೊಂಡರೆ ರಸ್ತೆಯ ಒಂದು ಬದಿಯ ಅಂಗಡಿಗೆ ಇನ್ನೊಂದು ಬದಿ ಕಾಣುವುದೇ ಇಲ್ಲವೆಂದು ಡೇಟಾಬೇಸ್ ಹೇಳುತ್ತದೆ, ಅದು ಸುಳ್ಳು. ಬರೆದುಕೊಳ್ಳದೆ ಬಿಟ್ಟರೆ ಎರಡನೆಯ ಮಹಡಿಯ ಕಿಟಕಿಯಿಂದ ಎದುರು ಮನೆ ನಿರಾತಂಕವಾಗಿ ಕಾಣುತ್ತದೆಂದು ಹೇಳುತ್ತದೆ, ಅದೂ ಸುಳ್ಳು. ಕೆಳಗೆ ತೆರವು, ನಡುವೆ ತಡೆ, ಮೇಲೆ ಮತ್ತೆ ತೆರವು ಇರುವ ಇಂಥ ರಚನೆಗಳಿಗೆ ತಳದ ಎತ್ತರ ಮತ್ತು ತುದಿಯ ಎತ್ತರ ಎಂಬ ಎರಡು ಅಂಕಣಗಳಾದರೂ ಬೇಕು. ಟಿನ್ ಫ್ಯಾಕ್ಟರಿಯ ಕಡೆ ಹಳೆ ಮದ್ರಾಸ್ ರಸ್ತೆಗೆ ತೆರೆದುಕೊಳ್ಳುವ ಕೆ.ಆರ್. ಪುರದ ತೂಗುಸೇತುವೆ ಇನ್ನೂ ಬಿಗಿಯಾದ ಗಂಟು, ಅಲ್ಲಿ ಕೇಬಲ್‌ಗಳ ನಡುವಿನಿಂದಲೂ ಆಕಾಶ ಕಾಣುತ್ತದೆ. ಇಂದಿರಾನಗರದ ಮರಗಳ ಮಾತಂತೂ ಬೇರೆಯೇ: ಮಳೆಮರದ ಕೊಂಬೆಗಳು ಹರಡಿಕೊಂಡ ಬೀದಿಯಲ್ಲಿ ದೃಷ್ಟಿಯನ್ನು ತಡೆಯುವುದು ಕಟ್ಟಡವಲ್ಲ, ಎಲೆ; ಕಟ್ಟಡಗಳ ಕೋಷ್ಟಕಕ್ಕೆ ಅದರ ಸುಳಿವೇ ಇಲ್ಲ.

ಈ ಸೀಮೆಯಲ್ಲಿ ಎತ್ತರದ ಲೆಕ್ಕವನ್ನು ಶಾಸನದ ಬಲದಿಂದ, ತಪ್ಪದೆ ಇಟ್ಟುಕೊಂಡು ಬಂದಿರುವ ವ್ಯವಸ್ಥೆಯೊಂದಿದೆ, ಅದು ವಿಮಾನಯಾನದ್ದು. ಎಚ್‌ಎಎಲ್ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣಕ್ಕೆ ನಿಯತ ಪ್ರಯಾಣಿಕ ಸೇವೆಯನ್ನು ಬಿಟ್ಟುಕೊಟ್ಟರೂ ಅದರ ಪೂರ್ವ ಪಶ್ಚಿಮ ರನ್‌ವೇ ಪರೀಕ್ಷಾ ಹಾರಾಟಗಳಿಗೂ ಇತರ ವಿಮಾನಗಳಿಗೂ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ಮಾನದಂಡಗಳನ್ನು ಅನುಸರಿಸಿ 2015ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ದೊಡ್ಡ ರನ್‌ವೇಗಳ ಸುತ್ತ ಕಾಣದ ಮಾಡೊಂದನ್ನು ಕಲ್ಪಿಸಲಾಗುತ್ತದೆ: ನಾಲ್ಕು ಕಿಲೋಮೀಟರ್‌ವರೆಗೆ ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲೆ ಸಮತಟ್ಟಾಗಿ ಸಾಗುವ ಈ ಮೇಲ್ಮೈ, ಅಲ್ಲಿಂದಾಚೆ ನೂರು ಮೀಟರ್‌ಗೆ ಐದು ಮೀಟರ್‌ನಂತೆ ಶಂಕುವಿನಾಕಾರದಲ್ಲಿ ಏರುತ್ತದೆ. ಇಂದಿರಾನಗರ ಮೊದಲ ಭಾಗದ ಕೆಳಗೆ ಬಂದರೆ ಟಿನ್ ಫ್ಯಾಕ್ಟರಿಯ ಆಸುಪಾಸು ಏರುವ ಭಾಗದ ಕೆಳಗೆ ಬರುತ್ತದೆ. ನಿಲ್ದಾಣದ ಮಟ್ಟ ಸಮುದ್ರಕ್ಕಿಂತ ಸುಮಾರು 888 ಮೀಟರ್. ಹೀಗಾಗಿ ಮಾಡು ಇರುವುದು ಸುಮಾರು 933 ಮೀಟರ್‌ನಲ್ಲಿ. ನಿವೇಶನದ ನೆಲವೇ 905 ಮೀಟರ್‌ನಲ್ಲಿದ್ದರೆ, ಈ ಒಂದು ಮೇಲ್ಮೈಯ ಲೆಕ್ಕಕ್ಕೆ, ಕಟ್ಟಡಕ್ಕೆ ಉಳಿಯುವುದು 28 ಮೀಟರ್ ಮಾತ್ರ. ವಿಮಾನ ನಿಲ್ದಾಣದ ಅನುಮತಿ ತುದಿಯ ಮಟ್ಟವನ್ನು ಸಮುದ್ರಮಟ್ಟದಿಂದ ಎಣಿಸುತ್ತದೆ, ನಗರಾಡಳಿತದ ಕಟ್ಟಡ ನಕ್ಷೆ ಎತ್ತರವನ್ನು ನೆಲದಿಂದ ಎಣಿಸುತ್ತದೆ. ಎರಡು ಕಡತಗಳನ್ನು ಒಟ್ಟಿಗೆ ಓದಿದರೆ ಮಾತ್ರ ಗೋಚರ ಪ್ರದೇಶಕ್ಕೆ ಬೇಕಾದ ಮೂರು ಅಂಶಗಳು, ಅಂದರೆ ತಳದ ಆಕೃತಿ, ನೆಲದ ಮಟ್ಟ ಮತ್ತು ತುದಿಯ ಮಟ್ಟ, ಪೂರ್ಣವಾಗುತ್ತವೆ.

ದಂಡು ಪ್ರದೇಶದ ಇನ್ನೊಂದು ನಿಯಮ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. 1809ರಲ್ಲಿ ಸ್ಥಾಪನೆಯಾದ ದಂಡಿನ ಉತ್ತರಾಧಿಕಾರವಾಗಿ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಿಂದ ದೊಮ್ಮಲೂರಿನ ಕಡೆಗೆ ಸೇನೆಯ ನೆಲ ಜನವಸತಿಯೊಂದಿಗೆ ಹೆಣೆದುಕೊಂಡಿದೆ. ಮುಂಬೈನ ಆದರ್ಶ ವಸತಿ ಕಟ್ಟಡದ ವಿವಾದದ ಬೆನ್ನಲ್ಲೇ ರಕ್ಷಣಾ ಸಚಿವಾಲಯ 2011ರ ಮೇ 18ರಂದು ಹೊರಡಿಸಿದ ಮಾರ್ಗಸೂಚಿ, ಸೇನಾ ನೆಲೆಗಳಿಂದ 100 ಮೀಟರ್ ಒಳಗಿನ ಕಟ್ಟಡಗಳಿಗೂ, ನಾಲ್ಕು ಮಹಡಿ ಮೀರಿದವುಗಳಾದರೆ 500 ಮೀಟರ್ ಒಳಗಿನವುಗಳಿಗೂ ಭದ್ರತೆಯ ದೃಷ್ಟಿಯ ಪರಿಶೀಲನೆಯನ್ನು ಮುಂದಿಟ್ಟಿತು. 2016ರ ತಿದ್ದುಪಡಿಯಲ್ಲಿ ಪಟ್ಟಿ ಮಾಡಿದ ಅನೇಕ ನೆಲೆಗಳಿಗೆ ಅಂತರ 10 ಮೀಟರ್‌ಗೆ ಇಳಿಯಿತು. ಆತಂಕ ಇರುವುದು ಒಳಗೆ ನೋಡಬಹುದೇ ಎಂಬುದರ ಬಗ್ಗೆ, ನಿಯಮ ಅಳೆಯುವುದು ಎಷ್ಟು ಹತ್ತಿರವಿದೆ ಎಂಬುದನ್ನು. ಡೇಟಾಬೇಸ್‌ನ ಭಾಷೆಯಲ್ಲಿ ಮೊದಲನೆಯದು ಗೋಚರತೆಯ ಪ್ರಶ್ನೆ, ಎರಡನೆಯದು ಎಸ್‌ಟಿ ಡಿವಿದಿನ್ ಎಂಬ ಬರಿಯ ದೂರದ ಪ್ರಶ್ನೆ. ಎತ್ತರದ ಮರಗಳ ಸಾಲಿನ ಹಿಂದೆ, ಇನ್ನೊಂದು ಕಟ್ಟಡದ ಮರೆಯಲ್ಲಿ 90 ಮೀಟರ್ ದೂರವಿರುವ ಎರಡು ಮಹಡಿಯ ಮನೆಗೆ ಏನೂ ಕಾಣದಿರಬಹುದು, ಆದರೂ 2011ರ ಮಾರ್ಗಸೂಚಿಯ 100 ಮೀಟರ್ ಲೆಕ್ಕದಲ್ಲಿ ಅದು ನಿಯಮದೊಳಗೆ ಬರುತ್ತದೆ. 600 ಮೀಟರ್ ದೂರದ ಇಪ್ಪತ್ತು ಮಹಡಿಯ ಗೋಪುರಕ್ಕೆ ಇಡೀ ಕವಾಯತು ಮೈದಾನ ಕಾಣಬಹುದು, ಅದು ಹೊರಗುಳಿಯುತ್ತದೆ. ಅಂತರದ ನಿಯಮ ಜಾರಿಗೆ ಸುಲಭ, ವಿವಾದಕ್ಕೆ ಎಡೆ ಕಡಿಮೆ ಎಂಬುದು ನಿಜ. ಆದರೆ ನಿವೇಶನದಾರನ ಹಕ್ಕನ್ನು ಮೊಟಕುಗೊಳಿಸುವಾಗ ತಪ್ಪಾದ ಪ್ರಶ್ನೆಗೆ ನಿಖರವಾದ ಉತ್ತರ ಪಡೆಯುವುದು ನ್ಯಾಯವೆನಿಸದು.

ಕಣ್ಗಾವಲು ಕ್ಯಾಮೆರಾಗಳ ವಿಚಾರದಲ್ಲಿಯೂ ಗಣಿತ ಮುಂದಿದೆ, ದತ್ತಾಂಶ ಹಿಂದಿದೆ. ಒಂದು ಕಲಾ ಗ್ಯಾಲರಿಯ ಮೂಲೆಮೂಲೆಯನ್ನೂ ಕಾಯಲು ಎಷ್ಟು ಕಾವಲುಗಾರರು ಬೇಕು ಎಂದು ವಿಕ್ಟರ್ ಕ್ಲೀ 1973ರಲ್ಲಿ ಕೇಳಿದ ಪ್ರಶ್ನೆಗೆ, ಎನ್ ಮೂಲೆಗಳ ಕೋಣೆಗೆ ಎನ್ ಭಾಗಿಸು ಮೂರರಷ್ಟು ಸಾಕೆಂದು 1975ರಲ್ಲಿ ವಾಷೆಕ್ ಖ್ವಾಟಲ್ ಸಾಧಿಸಿದ. ಆ ಕಾವಲುಗಾರರ ಸ್ಥಾನದಲ್ಲಿ ಇಂದು ಕ್ಯಾಮೆರಾಗಳಿವೆ: ಬೆಂಗಳೂರಿನ ಸೇಫ್ ಸಿಟಿ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ನಗರದಲ್ಲಿ ಕೂತಿವೆ. ಅವು ಎಷ್ಟಿವೆ ಎಂಬ ಸಂಖ್ಯೆ ಪ್ರಕಟವಾಗುವಷ್ಟು ಸಲೀಸಾಗಿ, ಅವುಗಳ ಗೋಚರ ಪ್ರದೇಶವನ್ನೆಲ್ಲ ಕೂಡಿಸಿದರೆ ಬೀದಿಯ ಎಷ್ಟು ಪಾಲು ಒಳಬರುತ್ತದೆ, ಎಷ್ಟು ಮನೆಯ ಕಿಟಕಿಗಳೂ ಜೊತೆಗೇ ಒಳಬರುತ್ತವೆ ಎಂಬ ಲೆಕ್ಕ ಚರ್ಚೆಗೆ ಬರುವುದಿಲ್ಲ. ಎಣಿಕೆಗಿಂತ ಆ ಎರಡು ವಿಸ್ತೀರ್ಣಗಳೇ ನಾಗರಿಕರಿಗೆ ಮುಖ್ಯ.

ಭಾರತೀಯರು ಮತ್ತು ಭಾರತೀಯ ಸಂಸ್ಥೆಗಳು ನಕ್ಷೆಯ ದತ್ತಾಂಶವನ್ನು ಪೂರ್ವಾನುಮತಿಯಿಲ್ಲದೆ ಸಂಗ್ರಹಿಸಿ ಹಂಚಲು 2021ರ ಫೆಬ್ರುವರಿ 15ರ ಮಾರ್ಗಸೂಚಿ ದಾರಿ ತೆರೆದಿದೆ, ತಂತ್ರಾಂಶ ಉಚಿತವಾಗಿ ಸಿಗುತ್ತದೆ, ವಿಧಾನ ದಶಕಗಳಷ್ಟು ಹಳೆಯದು. ಸೇನಾ ನೆಲದ ಒಳಗಿನ ಕಟ್ಟಡಗಳನ್ನು ಹೊರಗಿಡುವುದು ಸಕಾರಣವೇ ಆದೀತು. ಉಳಿದ ಕಟ್ಟಡಗಳ ಎತ್ತರ ಬೀದಿಯಲ್ಲಿ ನಿಂತ ಯಾರಿಗೂ ಕಾಣುವಂಥದ್ದು, ಅದರಲ್ಲಿ ಗುಟ್ಟೇನಿಲ್ಲ. ಕಟ್ಟಡ ನಕ್ಷೆಗೆ ಮಂಜೂರಾತಿ ಕೊಡುವ ನಗರ ಪಾಲಿಕೆಗಳು, ತಮ್ಮ ಕಡತಗಳಲ್ಲಿ ಈಗಾಗಲೇ ಇರುವ ತಳದ ಆಕೃತಿಯ ಪಕ್ಕದಲ್ಲಿ ನೆಲದ ಮಟ್ಟ ಮತ್ತು ತುದಿಯ ಮಟ್ಟಗಳ ಎರಡು ಅಂಕಣಗಳನ್ನು ಸೇರಿಸಿ, ಮಾಲೀಕರ ಹೆಸರನ್ನು ತೆಗೆದು, ವಾರ್ಡ್‌ವಾರು ಸಾರ್ವಜನಿಕರಿಗೆ ಬಿಡುಗಡೆ ಮಾಡಬೇಕು. ಶಿವಾಜಿನಗರ ಮತ್ತು ಇಂದಿರಾನಗರಗಳಿಂದಲೇ ಆ ಕೆಲಸ ಆರಂಭವಾಗಲಿ.